ಕರಕೌಶಲಕ್ಕೆ ವಿದ್ಯೆಯ ಪಟ್ಟ: ಸರ್ ಎಂ. ವಿಶ್ವೇಶ್ವರಯ್ಯನವರು

ನಾಡಿನ ಸಂಪತ್ತು ಅದರ ಗಣಿಗಳಲ್ಲಿಯೋ ಹೊಲಗದ್ದೆಗಳಲ್ಲಿಯೋ ಮಾತ್ರ ಇರುವುದಿಲ್ಲ. ದುಡಿಯುವ ಕೈಗಳಲ್ಲಿ, ಆ ಕೈಗಳನ್ನು ನಡೆಸುವ ಬುದ್ಧಿಯಲ್ಲಿ ಅದರ ನಿಜವಾದ ಭಂಡಾರವಿದೆ. ಚಿನ್ನದ ಅದಿರು ನೆಲದೊಳಗೆ ಹುದುಗಿದ್ದರೆ ಅದು ಮಣ್ಣಿಗೆ ಸಮ. ಅದನ್ನು ತೆಗೆಯಬಲ್ಲ, ಕರಗಿಸಬಲ್ಲ, ಒಡವೆಯಾಗಿಸಬಲ್ಲ ಕುಶಲಿಗಳು ಹುಟ್ಟಿದಾಗಲೇ ಅದಕ್ಕೆ ಬೆಲೆ. ಈ ಸರಳ ಸತ್ಯವನ್ನು ರಾಜ್ಯಾಡಳಿತದ ಮೂಲಸೂತ್ರವನ್ನಾಗಿ ಮಾಡಿಕೊಂಡು ಕನ್ನಡ ನಾಡಿನಲ್ಲಿ ಮೊಟ್ಟಮೊದಲು ವ್ಯವಸ್ಥಿತವಾಗಿ ಕಾರ್ಯಕ್ಕಿಳಿಸಿದವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಕನ್ನಂಬಾಡಿಯ ಕಟ್ಟೆಯನ್ನು ಕಂಡವರೆಲ್ಲರೂ ಅವರನ್ನು ನೆನೆಯುತ್ತಾರೆ. ಆದರೆ ಕಲ್ಲಿನ ಕಟ್ಟೆಯಷ್ಟೇ ಗಟ್ಟಿಯಾಗಿ ಅವರು ಕಟ್ಟಿದ ಇನ್ನೊಂದು ಕಟ್ಟಡವುಂಟು. ಕಣ್ಣಿಗೆ ಕಾಣದ ಆ ಕಟ್ಟಡವೇ ಕುಶಲವಿದ್ಯೆಯ ಪರಂಪರೆ.

ಬೆಂಗಳೂರಿನಿಂದ ಬಡಗಣ ದಿಕ್ಕಿಗೆ ಹೆಬ್ಬಾಳ, ಯಲಹಂಕಗಳನ್ನು ದಾಟಿ ಚಿಕ್ಕಬಳ್ಳಾಪುರದತ್ತ ಸಾಗುವ ಹೆದ್ದಾರಿಯು ಈ ಮಹನೀಯರ ಜನ್ಮಭೂಮಿಗೆ ಕೊಂಡೊಯ್ಯುವ ದಾರಿ. ನಂದಿಯ ಬೆಟ್ಟಗಳ ಮಡಿಲಿನ ಮುದ್ದೇನಹಳ್ಳಿಯಲ್ಲಿ ಅವರು ಜನಿಸಿದರು. ಜನ್ಮವರ್ಷವನ್ನು ಕೆಲವರು 1861 ಎಂದು ಹೇಳುವುದುಂಟಾದರೂ ನಾಡು ಅವರ ಶತಮಾನೋತ್ಸವವನ್ನು ಆಚರಿಸಿದ್ದು 1960ರಲ್ಲಿ. ಸೆಪ್ಟೆಂಬರ್ 15 ಇಂದಿಗೂ ದೇಶಾದ್ಯಂತ ಇಂಜಿನಿಯರುಗಳ ದಿನವಾಗಿ ಆಚರಿಸಲ್ಪಡುತ್ತಿದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮನೆಯಲ್ಲಿ ವಿದ್ಯೆಯ ಐಶ್ವರ್ಯವಿತ್ತೇ ಹೊರತು ದ್ರವ್ಯದ ಐಶ್ವರ್ಯವಿರಲಿಲ್ಲ. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ಚಿಕ್ಕಬಳ್ಳಾಪುರದಲ್ಲಿ ಪ್ರಾರಂಭದ ಓದನ್ನು ಮುಗಿಸಿದ ಬಾಲಕನು ಬೆಂಗಳೂರಿಗೆ ಬಂದು, ಸೋದರಮಾವನವರ ಆಶ್ರಯದಲ್ಲಿದ್ದುಕೊಂಡು, ಇತರರ ಮಕ್ಕಳಿಗೆ ಪಾಠ ಹೇಳಿ ಬಂದ ಅಲ್ಪ ಸಂಪಾದನೆಯಿಂದ ಸೆಂಟ್ರಲ್ ಕಾಲೇಜಿನ ವ್ಯಾಸಂಗವನ್ನು ಪೂರೈಸಿದನು. ಮುಂದಿನ ಓದಿಗೆ ಕೈಯಲ್ಲಿ ಕಾಸಿರಲಿಲ್ಲ. ಆಗ ಮೈಸೂರು ಸಂಸ್ಥಾನವು ನೀಡಿದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನವನ್ನು ಗಳಿಸುವಂತಾಯಿತು.

ಈ ವಿದ್ಯಾರ್ಥಿವೇತನದ ಸಂಗತಿಯು ಸಣ್ಣದಲ್ಲ. ಒಬ್ಬ ಬಡ ಹುಡುಗನಿಗೆ ತಕ್ಕ ಸಮಯದಲ್ಲಿ ದೊರೆತ ಕೆಲವು ರೂಪಾಯಿಗಳು ನಾಡಿಗೆ ಎಷ್ಟು ಮಡಿಯಾಗಿ ಹಿಂದಿರುಗಬಲ್ಲವು ಎಂಬುದಕ್ಕೆ ಅದಕ್ಕಿಂತ ಮಿಗಿಲಾದ ನಿದರ್ಶನವು ಬೇಕಿಲ್ಲ. ವಿದ್ಯಾದಾನಕ್ಕೆ ಕೈಯೆತ್ತಿ ಕೊಡುವ ದಾನಿಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಲೆಕ್ಕವಿದು.

1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದ ವಿಶ್ವೇಶ್ವರಯ್ಯನವರು ಕಾಲು ಶತಮಾನದ ಕಾಲ ನೀರು, ಕಾಲುವೆ, ಜಲಾಶಯಗಳ ಕೆಲಸದಲ್ಲಿ ತೊಡಗಿದ್ದರು. ಪುಣೆಯ ಸಮೀಪದ ಖಡಕವಾಸಲಾ ಜಲಾಶಯದಲ್ಲಿ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಅವರ ಹೆಸರನ್ನು ದೂರದೂರಕ್ಕೆ ಒಯ್ದವು. ಆದರೆ ಅವರ ಚಿಂತನೆಗೆ ಹೊಸ ತಿರುವನ್ನು ಕೊಟ್ಟುದು 1898ರ ಜಪಾನ್ ಪ್ರವಾಸ. ಕೆಲವೇ ದಶಕಗಳ ಹಿಂದೆ ಹೊರಜಗತ್ತಿಗೆ ಬಾಗಿಲನ್ನು ತೆರೆದಿದ್ದ ಆ ಸಣ್ಣ ದೇಶವು ಅಷ್ಟರಲ್ಲಿಯೇ ಹಡಗುಗಳನ್ನು, ಯಂತ್ರಗಳನ್ನು, ಬಟ್ಟೆಗಳನ್ನು ತಾನೇ ತಯಾರಿಸುವ ಶಕ್ತಿಯನ್ನು ಪಡೆದಿತ್ತು. ಅದರ ಗುಟ್ಟು ಶಾಲೆಗಳಲ್ಲಿದ್ದುದನ್ನು ಅವರು ಕಂಡುಕೊಂಡರು. ಎಲ್ಲ ಮಕ್ಕಳಿಗೂ ಅಕ್ಷರ, ಆ ಅಕ್ಷರದ ಮೇಲೆ ಕಸುಬು, ಆ ಕಸುಬಿನ ಮೇಲೆ ವಿಜ್ಞಾನ ಎಂಬ ಮೂರು ಅಂತಸ್ತುಗಳ ಶಿಕ್ಷಣವು ಅಲ್ಲಿ ರೂಪುಗೊಂಡಿತ್ತು.

ಅಂದಿನ ಮೈಸೂರು ಸಂಸ್ಥಾನದ ಸ್ಥಿತಿಯನ್ನು ಇದರೊಡನೆ ಹೋಲಿಸಿ ನೋಡಬೇಕು. ಕನ್ನಡ ನಾಡಿನಲ್ಲಿ ಕೌಶಲಕ್ಕೆ ಕೊರತೆಯಿರಲಿಲ್ಲ. ಕಮ್ಮಾರನು ಕುಲುಮೆಯಲ್ಲಿ, ಬಡಗಿಯು ಉಳಿಯ ಮುಂದೆ, ನೇಕಾರನು ಮಗ್ಗದ ಗುಳಿಯಲ್ಲಿ, ಕಂಚುಗಾರನು ಎರಕದ ಅಚ್ಚಿನ ಬಳಿ ತನ್ನ ಮಗನಿಗೆ ವಿದ್ಯೆಯನ್ನು ಧಾರೆಯೆರೆಯುತ್ತಿದ್ದನು. ಅದು ಕಣ್ಣಿನಿಂದ ಕಣ್ಣಿಗೆ, ಕೈಯಿಂದ ಕೈಗೆ ಹರಿಯುವ ಗುರುಶಿಷ್ಯ ಪರಂಪರೆ. ಅದರ ಬಲವೂ ದೊಡ್ಡದು, ಮಿತಿಯೂ ದೊಡ್ಡದು. ತಂದೆಯು ಕಂಡ ಆಕಾರವನ್ನು ಮಗನು ತಪ್ಪದೆ ಮಾಡಬಲ್ಲನು. ಆದರೆ ಎಂದೂ ಕಾಣದ ಯಂತ್ರದ ಬಿಡಿಭಾಗವನ್ನು ಕಾಗದದ ಮೇಲಿನ ನಕ್ಷೆಯನ್ನು ಓದಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಅಳೆದು ಮಾಡುವ ವಿದ್ಯೆಯು ಕುಲುಮೆಯಲ್ಲಿ ದೊರೆಯುವಂತಹುದಲ್ಲ. ಅದಕ್ಕೆ ಗಣಿತ ಬೇಕು, ಚಿತ್ರಲೇಖನ ಬೇಕು, ಲೋಹದ ಗುಣವನ್ನು ತಿಳಿಸುವ ಶಾಸ್ತ್ರ ಬೇಕು. ಇತ್ತ ಶಾಲೆಗಳಿಗೆ ಹೋಗಿ ಅಕ್ಷರವನ್ನು ಕಲಿತವರು ಕಛೇರಿಯ ಗುಮಾಸ್ತಿಕೆಯನ್ನೇ ಬಾಳಿನ ಗುರಿಯೆಂದು ಬಗೆದು, ಉಳಿ ಸುತ್ತಿಗೆಗಳನ್ನು ಮುಟ್ಟುವುದು ಕೀಳೆಂದು ಭಾವಿಸಿದ್ದರು. ಕೈ ಬಲ್ಲವನಿಗೆ ಅಕ್ಷರವಿಲ್ಲ. ಅಕ್ಷರ ಬಲ್ಲವನಿಗೆ ಕೈಯಿಲ್ಲ. ನಾಡಿನ ದಾರಿದ್ರ್ಯದ ಬೇರು ಈ ಬಿರುಕಿನಲ್ಲಿತ್ತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶಿವಶರಣರು ಈ ಬಿರುಕನ್ನು ತಮ್ಮ ರೀತಿಯಲ್ಲಿ ಬೆಸೆದಿದ್ದರು. ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ ಮೊದಲಾದವರ ಹೆಸರಿನೊಡನೆಯೇ ಕಸುಬು ಬೆರೆತುಕೊಂಡಿದೆ. ಅನುಭವಮಂಟಪದಲ್ಲಿ ಕಾಯಕವು ಜ್ಞಾನಕ್ಕೆ ಅಡ್ಡಿಯಾಗಲಿಲ್ಲ, ಜ್ಞಾನವು ಕಾಯಕವನ್ನು ಬಿಡಿಸಲಿಲ್ಲ. ವಿಶ್ವೇಶ್ವರಯ್ಯನವರು ಬೇರೆಯ ಸಂಪ್ರದಾಯದಲ್ಲಿ ಬೆಳೆದವರು, ಬೇರೆಯ ಕಾಲದವರು, ಅವರ ಭಾಷೆಯು ಅರ್ಥಶಾಸ್ತ್ರದ ಭಾಷೆ. ಆದರೂ ದುಡಿಮೆಯ ಗೌರವವನ್ನು ಕುರಿತ ಮಾತಿನಲ್ಲಿ ಅವರ ಕಾರ್ಯವು ಕಾಯಕತತ್ತ್ವಕ್ಕೆ ಸಮೀಪವಾಗಿ ನಡೆಯಿತು.

1909ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಅವರನ್ನು ಮುಖ್ಯ ಇಂಜಿನಿಯರ್ ಪದವಿಗೆ ಆಹ್ವಾನಿಸಿತು. ರಸ್ತೆ ಕಾಲುವೆಗಳ ಕೆಲಸವಷ್ಟೇ ಅಲ್ಲದೆ ತಾಂತ್ರಿಕ ಶಿಕ್ಷಣ, ಕೈಗಾರಿಕೆಗಳ ಅಭಿವೃದ್ಧಿಗೂ ಅವಕಾಶವಿರುವುದೇ ಎಂಬುದನ್ನು ತಿಳಿದುಕೊಂಡ ಮೇಲೆಯೇ ಅವರು ಒಪ್ಪಿದರು. 1911ರಲ್ಲಿ ಅವರ ಪ್ರೇರಣೆಯಿಂದ ಮೈಸೂರು ಆರ್ಥಿಕ ಸಮ್ಮೇಳನವು ಪ್ರಾರಂಭವಾಯಿತು. ಶಿಕ್ಷಣ, ಕೃಷಿ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ಮೂರು ಸಮಿತಿಗಳು ಅದರ ಅಂಗಗಳು. ಶಿಕ್ಷಣವನ್ನು ಅರ್ಥವ್ಯವಸ್ಥೆಯ ಚರ್ಚೆಯೊಳಕ್ಕೆ ತಂದು ಕೂರಿಸಿದ ಈ ಕ್ರಮವೇ ಅವರ ದೃಷ್ಟಿಯನ್ನು ತೋರಿಸುತ್ತದೆ.

1912ರ ನವೆಂಬರಿನಲ್ಲಿ ದಿವಾನಗಿರಿಯು ಅವರ ಪಾಲಿಗೆ ಬಂದಿತು. ಮುಂದಿನ ಆರು ವರ್ಷಗಳು ವಿದ್ಯಾಸಂಸ್ಥೆಗಳ ಸುಗ್ಗಿಯ ಕಾಲ. 1913ರ ಪ್ರಾಥಮಿಕ ಶಿಕ್ಷಣ ಕಾಯಿದೆಯು ಆಯ್ದ ಪ್ರದೇಶಗಳಲ್ಲಿ ಶಾಲಾ ಶಿಕ್ಷಣವನ್ನು ಕಡ್ಡಾಯಗೊಳಿಸಲು ದಾರಿ ಮಾಡಿತು. ಅವರ ಅಧಿಕಾರಾವಧಿಯಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆಯೂ ವಿದ್ಯಾರ್ಥಿಗಳ ಸಂಖ್ಯೆಯೂ ಇಮ್ಮಡಿಗೆ ಮಿಗಿಲಾಗಿ ಬೆಳೆದವು. ಅಕ್ಷರವಿಲ್ಲದ ಕೈಗೆ ಹೊಸ ಕಸುಬನ್ನು ಕಲಿಸಲಾಗದೆಂಬುದು ಅವರ ಲೆಕ್ಕಾಚಾರದ ಮೊದಲ ಸಾಲು.

ಎರಡನೆಯ ಸಾಲು ಹೆಬ್ಬಾಳದಲ್ಲಿ ಬರೆಯಲ್ಪಟ್ಟಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಲೇಹ್ಮನ್ ಎಂಬ ರಸಾಯನ ಶಾಸ್ತ್ರಜ್ಞರು ಹೆಬ್ಬಾಳದಲ್ಲಿ ಮಣ್ಣು ಬೆಳೆಗಳ ಪ್ರಯೋಗಗಳಿಗೆ ನಾಂದಿ ಹಾಡಿದ್ದರು. ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಅದನ್ನು ಮುಂದುವರಿಸಿದರು. 1913ರಲ್ಲಿ ಅಲ್ಲಿ ಕೃಷಿ ಶಾಲೆಯು ಪ್ರಾರಂಭವಾಯಿತು. ಬೇಸಾಯವು ಹುಟ್ಟಿನಿಂದ ತಾನಾಗಿಯೇ ಬರುವ ವಿದ್ಯೆ, ಅದನ್ನು ಶಾಲೆಯಲ್ಲಿ ಕಲಿಸುವುದೇನು ಎಂದು ಜನರು ಬೆರಗಾಗುತ್ತಿದ್ದ ಕಾಲವದು. ಆ ಶಾಲೆಯೇ 1946ರಲ್ಲಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯದ ತಾಯಿಬೇರಾಯಿತು. ಹೆಬ್ಬಾಳ ಯಲಹಂಕಗಳ ಆಸುಪಾಸಿನ ಸಿಂಗಾಪುರದಂತಹ ಗ್ರಾಮಗಳು ಇಂದು ನಗರದೊಳಗೆ ಕರಗಿಹೋಗಿರಬಹುದು. ಆದರೆ ನಾಡಿನ ಕೃಷಿವಿದ್ಯೆಯು ಗಿಡವಾಗಿ ಚಿಗುರಿದ್ದು ಈ ನೆಲದಲ್ಲಿಯೇ ಎಂಬುದನ್ನು ಇಲ್ಲಿನ ಮಕ್ಕಳು ಅರಿತಿರಬೇಕು.

ಮೂರನೆಯದು ಯಂತ್ರವಿದ್ಯೆ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಗಂಧದ ಕೆತ್ತನೆ, ಮರಗೆಲಸ ಮೊದಲಾದ ನಾಡಿನ ಹಳೆಯ ಕಸುಬುಗಳಿಗೆ ಶಾಲೆಯ ಶಿಸ್ತು ದೊರೆಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಮರುವರ್ಷ, ಎಂದರೆ 1917ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಕನ್ನಡಿಗ ತರುಣನೊಬ್ಬನು ಇಂಜಿನಿಯರನಾಗಬೇಕಾದರೆ, ತಾನು ಹೋದಂತೆ, ಪುಣೆಗೋ ಮದರಾಸಿಗೋ ಹೋಗಬೇಕಾದ ಕಷ್ಟವು ತಪ್ಪಬೇಕೆಂಬ ಸಂಕಲ್ಪವು ಅದರ ಹಿಂದಿತ್ತು. ಇಂದು ಆ ಕಾಲೇಜು ಅವರ ಹೆಸರನ್ನೇ ಹೊತ್ತು ನಿಂತಿದೆ.

ತರಬೇತಿಯೆಂಬುದು ಉದ್ಯಮವನ್ನು ಹೇಗೆ ಹುಟ್ಟಿಸಬಲ್ಲದು ಎಂಬುದನ್ನು ತಿಳಿಯಲು ಶ್ರೀಗಂಧದ ಕಥೆಯು ಸಾಕು. ಮೈಸೂರಿನ ಗಂಧದ ಕೊರಡುಗಳು ಐರೋಪ್ಯ ದೇಶಗಳಿಗೆ ಹೋಗಿ, ಅಲ್ಲಿ ಎಣ್ಣೆಯಾಗಿ ಮಾರ್ಪಡುತ್ತಿದ್ದವು. 1914ರಲ್ಲಿ ಮಹಾಯುದ್ಧವು ಪ್ರಾರಂಭವಾದಾಗ ಆ ವ್ಯಾಪಾರವು ನಿಂತುಹೋಗಿ ಗಂಧವು ರಾಶಿಬಿದ್ದಿತು. ಕಾಡು ನಮ್ಮದಾಗಿದ್ದರೂ ವಿದ್ಯೆಯು ಪರರದಾಗಿದ್ದರೆ ಆಗುವ ಗತಿಯಿದು. ಆಗ ಯಶವಂತಪುರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವ್ಯಾಟ್ಸನ್ ಅವರ ನೆರವಿನಿಂದ ಎಣ್ಣೆಯನ್ನು ಇಲ್ಲಿಯೇ ಭಟ್ಟಿಯಿಳಿಸುವ ವಿಧಾನವು ಸಿದ್ಧವಾಗಿ, 1916ರಲ್ಲಿ ಕಾರ್ಖಾನೆಯು ತಲೆಯೆತ್ತಿತು. ಮುಂದಿನ ಹೆಜ್ಜೆಯಾಗಿ ಎಸ್. ಜಿ. ಶಾಸ್ತ್ರಿ ಎಂಬ ತರುಣ ರಸಾಯನಜ್ಞರನ್ನು ಸಾಬೂನು ತಯಾರಿಕೆಯ ವಿದ್ಯೆಯನ್ನು ಕಲಿತು ಬರಲು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರು ಹಿಂದಿರುಗಿ ತಂದ ವಿದ್ಯೆಯಿಂದಲೇ ಮೈಸೂರು ಸ್ಯಾಂಡಲ್ ಸಾಬೂನು ಜಗತ್ತಿನ ಮಾರುಕಟ್ಟೆಗೆ ಹೋಯಿತು. ಸೋಪ್ ಶಾಸ್ತ್ರಿಗಳೆಂಬ ಪ್ರೀತಿಯ ಹೆಸರು ಅವರಿಗೆ ಅಂಟಿಕೊಂಡಿತು. ಒಬ್ಬನನ್ನು ಕಲಿಯಲು ಕಳುಹಿಸಿದರೆ ಅವನು ನೂರಾರು ಮಂದಿಗೆ ಅನ್ನದ ದಾರಿಯನ್ನು ತರುತ್ತಾನೆ ಎಂಬ ದಿವಾನರ ನಂಬಿಕೆಯು ಹುಸಿಯಾಗಲಿಲ್ಲ.

ಇಷ್ಟೆಲ್ಲ ಸಾಧನೆಯ ನಡುವೆ ಕಠಿಣವಾದ ಒಂದು ಪ್ರಶ್ನೆಯೂ ಎದ್ದು ನಿಂತಿತು. ವಿದ್ಯೆಯೇನೋ ಬೆಳೆಯುತ್ತಿದೆ, ಆದರೆ ಅದರ ಫಲವನ್ನು ಉಣ್ಣುವವರು ಯಾರು ಎಂಬುದೇ ಆ ಪ್ರಶ್ನೆ. ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣ ಸಮುದಾಯದ ಕೈಯಲ್ಲಿದ್ದ ಕಾಲ ಅದು. ಲಿಂಗಾಯತರು, ಒಕ್ಕಲಿಗರು, ಮುಸಲ್ಮಾನರು ಮೊದಲಾದ ಸಮುದಾಯಗಳ ಮುಖಂಡರು 1917ರಲ್ಲಿ ಪ್ರಜಾಮಿತ್ರ ಮಂಡಲಿಯನ್ನು ಕಟ್ಟಿ, ತಮ್ಮ ಮಕ್ಕಳಿಗೂ ನ್ಯಾಯವಾದ ಪಾಲು ಸಿಗಬೇಕೆಂದು ಮಹಾರಾಜರಲ್ಲಿ ಮೊರೆಯಿಟ್ಟರು. 1918ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯು ನೇಮಕವಾಯಿತು. ಮೊದಲು ವಿದ್ಯೆಯು ಹರಡಲಿ, ಹಿಂದುಳಿದವರಿಗೆ ವಿದ್ಯಾರ್ಥಿವೇತನಗಳು ಸಿಗಲಿ, ಹುದ್ದೆಗೆ ಮಾತ್ರ ಅರ್ಹತೆಯೊಂದೇ ಅಳತೆಗೋಲಾಗಲಿ ಎಂಬುದು ದಿವಾನರ ನಿಲುವು. ಅಳತೆಗೋಲನ್ನು ಹಿಡಿಯುವ ಅವಕಾಶವೇ ಕೆಲವರಿಗೆ ತಲೆಮಾರುಗಳಿಂದ ಇಲ್ಲದಿರುವಾಗ ಅಳತೆಯು ಸಮವಾಗುವುದೆಂತು ಎಂಬುದು ಮಂಡಲಿಯವರ ವಾದ. ಮತಭೇದವು ಬಲಿತು, ಆ ವರ್ಷದ ಡಿಸೆಂಬರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ನಿವೃತ್ತರಾದರು. ಅವರ ನಿರ್ಗಮನಕ್ಕೆ ಈ ಭೇದವು ಮುಖ್ಯ ಕಾರಣಗಳಲ್ಲೊಂದೆಂದು ಚರಿತ್ರಕಾರರು ಎಣಿಸುತ್ತಾರೆ. 1919ರಲ್ಲಿ ಬಂದ ಮಿಲ್ಲರ್ ವರದಿಯು ಏಳು ವರ್ಷಗಳೊಳಗೆ ಮೇಲ್ಹುದ್ದೆಗಳಲ್ಲಿ ಅರ್ಧದಷ್ಟನ್ನೂ ಕೆಳಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲನ್ನೂ ಹಿಂದುಳಿದ ಸಮುದಾಯಗಳಿಗೆ ನೀಡಬೇಕೆಂದು ಸೂಚಿಸಿತು.

ಮಹಾಪುರುಷರ ಚರಿತ್ರೆಯನ್ನು ಬರೆಯುವಾಗ ಇಂತಹ ಅಧ್ಯಾಯವನ್ನು ಮರೆಮಾಚುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಕಾಲವು ಎರಡು ವಾದಗಳಲ್ಲಿಯೂ ಇದ್ದ ಸತ್ಯವನ್ನು ಬಿಡಿಸಿ ತೋರಿಸಿದೆ. ವಿದ್ಯೆಯಿಲ್ಲದ ಪಾಲು ನಿಲ್ಲುವುದಿಲ್ಲ. ಪಾಲಿಲ್ಲದ ವಿದ್ಯೆಯು ಹರಡುವುದಿಲ್ಲ. ಈ ಎರಡನ್ನೂ ಕೂಡಿಸುವ ಸೇತುವೆಯನ್ನು ಕಟ್ಟಿದ ಕೀರ್ತಿಯಲ್ಲಿ ಮಠಗಳಿಗೂ ಸಂಘಸಂಸ್ಥೆಗಳಿಗೂ ದೊಡ್ಡ ಭಾಗವಿದೆ. ಹಳ್ಳಿಯ ರೈತನ ಮಗನಿಗೆ ಪಟ್ಟಣದಲ್ಲಿ ಕಲಿಯಲು ಬುದ್ಧಿಯಿತ್ತು. ಉಣ್ಣಲು ಅನ್ನವೂ ಮಲಗಲು ಸೂರೂ ಇರಲಿಲ್ಲ. ಗುಬ್ಬಿ ತೋಟದಪ್ಪನವರಂತಹ ವರ್ತಕ ಶ್ರೇಷ್ಠರ ದಾನ, ಸಿದ್ಧಗಂಗೆಯೇ ಮೊದಲಾದ ಮಠಗಳ ದಾಸೋಹ, ಬೆಳಗಾವಿಯಲ್ಲಿ 1916ರಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಪರಿಶ್ರಮ ಇವೆಲ್ಲವೂ ಆ ಕೊರತೆಯನ್ನು ತುಂಬಿದವು. ದಿವಾನರು ತೆರೆದ ಬಾಗಿಲಿನವರೆಗೆ ಬಡ ಮಕ್ಕಳನ್ನು ಕೈಹಿಡಿದು ಕರೆತಂದದ್ದು ಪ್ರಸಾದ ನಿಲಯಗಳು. 1963ರಲ್ಲಿ ತುಮಕೂರಿನಲ್ಲಿ ಸಿದ್ಧಗಂಗಾ ಮಠದ ಆಶ್ರಯದಲ್ಲಿಯೂ ಮೈಸೂರಿನಲ್ಲಿ ಸುತ್ತೂರು ಮಠದ ಆಶ್ರಯದಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳು ಪ್ರಾರಂಭವಾದಾಗ ಆ ಸೇತುವೆಯು ಪೂರ್ಣವಾಯಿತೆನ್ನಬಹುದು.

ಪದವಿಯನ್ನು ಬಿಟ್ಟ ಮಾತ್ರಕ್ಕೆ ವಿಶ್ವೇಶ್ವರಯ್ಯನವರ ಕಾಯಕವು ನಿಲ್ಲಲಿಲ್ಲ. 1921–22ರಲ್ಲಿ ಮುಂಬಯಿ ಪ್ರಾಂತದ ತಾಂತ್ರಿಕ ಹಾಗೂ ಕೈಗಾರಿಕಾ ಶಿಕ್ಷಣ ಸಮಿತಿಯ ಅಧ್ಯಕ್ಷರಾಗಿ ಅವರು ದುಡಿದರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆಯು ಅವರ ಹೆಗಲೇರಿತು. ಯುದ್ಧಾನಂತರ ಕಬ್ಬಿಣದ ಬೆಲೆಯು ಕುಸಿದಿತ್ತು, ಕಾರ್ಖಾನೆಯು ನಷ್ಟದಲ್ಲಿತ್ತು, ಅದನ್ನು ಮುಚ್ಚುವುದೇ ಲೇಸೆಂಬ ಮಾತು ಹಬ್ಬಿತ್ತು. ದುಬಾರಿ ಸಂಬಳದ ಪರದೇಶೀ ತಜ್ಞರನ್ನೇ ನಂಬಿಕೊಳ್ಳದೆ, ನಾಡಿನ ತರುಣರನ್ನು ಕುಲುಮೆಯ ಮುಂದೆಯೇ ತರಬೇತುಗೊಳಿಸಿ ಹೊಣೆಯ ಸ್ಥಾನಗಳಿಗೆ ತರುವುದು ಅವರು ಹಿಡಿದ ದಾರಿಗಳಲ್ಲೊಂದು. 1929ರವರೆಗೆ ಅವರು ಆ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದು ಅದನ್ನು ನೆಲೆಗೆ ನಿಲ್ಲಿಸಿದರು.

ಆ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ವೇತನದ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಕಸುಬುಗಳನ್ನು ಕಲಿಸುವ ಸಂಸ್ಥೆಯೊಂದಕ್ಕೆ ಅದು ವಿನಿಯೋಗವಾಗಲಿ ಎಂದು ಬಯಸಿದರು. ಅದರ ಫಲವಾಗಿ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯು ಸ್ಥಾಪಿತವಾಯಿತು. ಹಣ ಅವರದು, ಹೆಸರು ಅರಸರದು. ಮುಂದೆ ಪಾಲಿಟೆಕ್ನಿಕ್ ಎಂಬ ಹೆಸರಿನಲ್ಲಿ ಬೆಳೆದ ಆ ಸಂಸ್ಥೆಯಿಂದ ಹೊರಬಂದವರಿಗೆ ಲೆಕ್ಕವಿಲ್ಲ. ಇಂಜಿನಿಯರನಿಗೂ ಕೂಲಿಯವನಿಗೂ ನಡುವೆ ನಿಂತು, ನಕ್ಷೆಯನ್ನು ಓದಿ ಕೆಲಸವನ್ನು ಮಾಡಿಸಬಲ್ಲ ಮಧ್ಯಮ ಶ್ರೇಣಿಯ ಕುಶಲಿಗಳು ಇಲ್ಲದೆ ಯಾವ ಕಾರ್ಖಾನೆಯೂ ನಡೆಯದು ಎಂಬ ಅವರ ತಿಳಿವಿಗೆ ಅದು ಸಾಕ್ಷಿ. 1934ರಲ್ಲಿ ಪ್ರಕಟವಾದ ಭಾರತದ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತ ಅವರ ಗ್ರಂಥದ ಹಿಂದೆಯೂ, 1941ರಲ್ಲಿ ಅವರು ಸ್ಥಾಪಿಸಿದ ಅಖಿಲ ಭಾರತ ಉತ್ಪಾದಕರ ಸಂಘದ ಹಿಂದೆಯೂ ಇದೇ ಚಿಂತೆಯು ಕೆಲಸ ಮಾಡಿದೆ.

ಬಿತ್ತಿದ ಬೀಜವು ಮೊಳೆತುದನ್ನು ಕಾಣುವ ಭಾಗ್ಯವು ಅವರ ದೀರ್ಘಾಯುಷ್ಯದಿಂದ ಅವರಿಗೆ ಲಭಿಸಿತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1950ರ ದಶಕದ ಮೊದಲ ಭಾಗದಲ್ಲಿ ಜಾಲಹಳ್ಳಿಯ ಬಳಿ ಹಿಂದುಸ್ಥಾನ್ ಮೆಷಿನ್ ಟೂಲ್ಸ್ ಹಾಗೂ ಭಾರತ್ ಎಲೆಕ್ಟ್ರಾನಿಕ್ಸ್ ಹೀಗೆ ಒಂದರ ಹಿಂದೆ ಒಂದರಂತೆ ಬೃಹದುದ್ಯಮಗಳು ಬೆಂಗಳೂರನ್ನು ಅರಸಿಕೊಂಡು ಬಂದವು. ತಂಪಾದ ಹವೆ, ಕಾವೇರಿ ಕಣಿವೆಯ ವಿದ್ಯುತ್ತು ಇವು ಕಾರಣಗಳು ನಿಜ. ಅವುಗಳೊಡನೆ, ಲೇತಿನ ಮುಂದೆ ನಿಲ್ಲಬಲ್ಲ, ಮಿಲಿಮೀಟರಿನ ಸೂಕ್ಷ್ಮ ಭಾಗವನ್ನು ಅಳೆಯಬಲ್ಲ ತರುಣರು ಇಲ್ಲಿ ಸಿಗುತ್ತಿದ್ದರೆಂಬುದೂ ಸಮಬಲದ ಕಾರಣ. ರಾಗಿಯ ಹೊಲಗಳ ನಡುವಿನ ಹಳ್ಳಿಗಳಿಂದ ಸೈಕಲ್ಲಿನಲ್ಲಿ ಹೊರಟು ಫಿಟ್ಟರ್, ಟರ್ನರ್ ಕೆಲಸಗಳಿಗೆ ಸೇರಿದವರು ತಮ್ಮ ಮನೆಗಳ ಭವಿಷ್ಯವನ್ನೇ ಬದಲಿಸಿದರು. ಕೇಂದ್ರ ಸರ್ಕಾರವು 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ಪ್ರಾರಂಭಿಸಿ, 1961ರಲ್ಲಿ ಶಿಶಿಕ್ಷು ಕಾಯಿದೆಯನ್ನು ರೂಪಿಸಿದಾಗ, ಮೈಸೂರಿನಲ್ಲಿ ಅರ್ಧ ಶತಮಾನದ ಹಿಂದೆ ಕಂಡ ಕನಸು ದೇಶದ ನೀತಿಯಾಯಿತು. ಮರುವರ್ಷದ ಏಪ್ರಿಲಿನಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ಭಾರತರತ್ನ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ದೇಹವನ್ನು ತ್ಯಜಿಸಿದರು. ಮುದ್ದೇನಹಳ್ಳಿಯ ಮಣ್ಣಿನಲ್ಲಿಯೇ ಅವರ ಸ್ಮಾರಕವಿದೆ.

ಬೆಂಗಳೂರಿನ ಈ ಸಿಂಗಾಪುರಕ್ಕೆ ಸಾಗರದಾಚೆ ಹೆಸರಿನ ನಂಟುಳ್ಳ ದ್ವೀಪರಾಷ್ಟ್ರವೊಂದಿದೆ. 1965ರಲ್ಲಿ ಸ್ವತಂತ್ರವಾದ ಆ ನಾಡಿಗೆ ಗಣಿಯಿಲ್ಲ, ವಿಶಾಲವಾದ ಹೊಲವಿಲ್ಲ. ಜನರ ಕೈಗೆ ಕೌಶಲವನ್ನು ಕೊಡುವುದೊಂದೇ ಅದಕ್ಕೆ ಉಳಿದಿದ್ದ ಮಾರ್ಗ. ಅಲ್ಲಿನ ಸರ್ಕಾರವು ಉದ್ಯಮಿಗಳೊಡನೆ ಕೂಡಿ ತೆರೆದ ತರಬೇತಿ ಕೇಂದ್ರಗಳಲ್ಲಿ ಮೊದಲನೆಯದು 1972ರಲ್ಲಿ ಭಾರತದ ಟಾಟಾ ಸಂಸ್ಥೆಯ ಸಹಯೋಗದಲ್ಲಿ ಸ್ಥಾಪಿತವಾಯಿತೆಂಬುದು ಹೆಮ್ಮೆಯ ಸಂಗತಿ. ಯಶವಂತಪುರದ ಬಳಿಯ ವಿಜ್ಞಾನ ಸಂಸ್ಥೆಗೆ ಮೂಲಪುರುಷರಾದ ಜಮ್‌ಶೇಟ್‌ಜಿ ಟಾಟಾ ಅವರ ಮನೆತನದ ವಿದ್ಯಾಭಿಮಾನವು ಅಲ್ಲಿಯವರೆಗೂ ಹರಿದಿತ್ತು. ವಿಶ್ವೇಶ್ವರಯ್ಯನವರು ಮೈಸೂರಿಗೆ ಹೇಳಿದ ಪಾಠವನ್ನು ದೂರದ ದ್ವೀಪವೂ ತನ್ನ ಅನುಭವದಿಂದ ಕಲಿತುಕೊಂಡಿತೆನ್ನಬೇಕು.

ಇಂದು ಯಂತ್ರಗಳು ಬದಲಾಗಿವೆ. ಜಾಲಹಳ್ಳಿಯ ಲೇತುಗಳ ಸದ್ದು ತಗ್ಗಿ, ಗಣಕಯಂತ್ರದ ಮೌನವಾದ ದುಡಿಮೆಯು ಊರನ್ನು ಆವರಿಸಿದೆ. 1998ರಲ್ಲಿ ವಿಶ್ವೇಶ್ವರಯ್ಯನವರ ಹೆಸರಿನಲ್ಲಿಯೇ ಬೆಳಗಾವಿಯಲ್ಲಿ ತಾಂತ್ರಿಕ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳನ್ನು ಒಂದು ಸೂರಿನಡಿಗೆ ತಂದಿದೆ. ಆದರೆ ಹಳೆಯ ಬಿರುಕು ಹೊಸ ವೇಷದಲ್ಲಿ ಮತ್ತೆ ಕಾಣಿಸಿಕೊಂಡಿದೆ. ಪದವಿಪತ್ರವನ್ನು ಕೈಯಲ್ಲಿ ಹಿಡಿದು ಕೆಲಸವನ್ನು ಕಾಣದ ತರುಣರಿದ್ದಾರೆ. ನೀರಿನ ನಲ್ಲಿಯನ್ನೋ ವಿದ್ಯುತ್ ತಂತಿಯನ್ನೋ ಸರಿಪಡಿಸಬಲ್ಲ ಕುಶಲಿಯನ್ನು ಕಾಣದ ಮನೆಗಳಿವೆ. ಕೈಕೆಲಸವು ಓದು ಹತ್ತದವನ ಪಾಲಿಗೆ ಬಿಟ್ಟ ಶಿಕ್ಷೆಯೆಂಬ ಭಾವನೆಯು ಪೋಷಕರ ಮನಸ್ಸಿನಿಂದ ಇನ್ನೂ ಅಳಿದಿಲ್ಲ. ಅದನ್ನು ಅಳಿಸುವ ಹೊಣೆಯು ಅಧ್ಯಾಪಕರದು. ಗಣಿತದಲ್ಲಿ ಮುಂದಿರುವ ಬಾಲಕನನ್ನು ಹೊಗಳುವ ಬಾಯಿಯೇ ಕಾರ್ಯಾಗಾರದಲ್ಲಿ ಅಂದವಾದ ಪೆಟ್ಟಿಗೆಯನ್ನು ಮಾಡಿದ ಬಾಲಕಿಯನ್ನೂ ಅಷ್ಟೇ ಮನಸಾರೆ ಹೊಗಳುವ ದಿನದಂದು ಈ ಬಿರುಕು ಮುಚ್ಚತೊಡಗುತ್ತದೆ.

ಕನ್ನಂಬಾಡಿಯ ಕಟ್ಟೆಯು ನೀರನ್ನು ನಿಲ್ಲಿಸಿ ಹೊಲಗಳಿಗೆ ಹಂಚುತ್ತದೆ. ವಿದ್ಯಾಸಂಸ್ಥೆಯೂ ಅಂತಹುದೇ ಕಟ್ಟೆ. ತಲೆಮಾರುಗಳ ಅರಿವನ್ನು ಅದು ಸಂಗ್ರಹಿಸುತ್ತದೆ. ಯಾವ ಹೊಲವೂ ಒಣಗದಂತೆ ಅದನ್ನು ಹರಿಸಬೇಕು. ಕೊನೆಯ ಹೊಲಕ್ಕೂ ನೀರು ಮುಟ್ಟಿದಾಗಲೇ ಕಾಲುವೆಯು ಸಾರ್ಥಕ. ಕೊನೆಯ ಮನೆಯ ಮಗುವಿನ ಕೈಗೂ ಕೌಶಲವು ಮುಟ್ಟುವಂತೆ ದುಡಿಯುವುದೇ ಆ ಕರ್ಮಯೋಗಿಗೆ ನಾಡು ಸಲ್ಲಿಸಬಹುದಾದ ನಿಜವಾದ ನಮನ.